ವಿಶ್ವೇಶ್ವರಯ್ಯನವರ ಬದುಕು ಮತ್ತು ಕೊನೆ ಬೆಂಚಿನ ನೀರು

ಬೋಧನಾಭ್ಯಾಸಕ್ಕೆ ಹೋದ ಪ್ರೌಢಶಾಲೆಯಲ್ಲಿ ನನಗೆ ಸಿಕ್ಕಿದ್ದು ಎಂಟನೇ ತರಗತಿಯ ವಿಜ್ಞಾನ, ಘಟಕ ಬಲ ಮತ್ತು ಒತ್ತಡ. ಎರಡನೇ ವಾರದಲ್ಲಿ ಸೆಪ್ಟೆಂಬರ್ 15 ಬಂತು, ಇಂಜಿನಿಯರುಗಳ ದಿನ. ನಾನು ವಿಜ್ಞಾನದ ಪ್ರಶಿಕ್ಷಣಾರ್ಥಿ ಎಂಬ ಕಾರಣಕ್ಕೆ, ಪ್ರಾರ್ಥನೆಯ ಹೊತ್ತಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಹತ್ತು ನಿಮಿಷ ಮಾತಾಡಬೇಕೆಂದು ಮುಖ್ಯ ಶಿಕ್ಷಕರು ಹೇಳಿದರು. ಪ್ರಾಥಮಿಕ ಶಾಲೆಯಿಂದ ಕೇಳಿಕೊಂಡು ಬಂದದ್ದನ್ನೇ ಹೇಳಿದೆ. ರೈಲು ಹಳಿಯ ಬಿರುಕಿನ ಕಥೆ, ಎರಡು ದೀಪಗಳ ಕಥೆ, ಕನ್ನಂಬಾಡಿ ಕಟ್ಟೆ, ಭಾರತರತ್ನ. ಮಕ್ಕಳು ಚಪ್ಪಾಳೆ ತಟ್ಟಿದರು. ಅವರಿಗೂ ಎಲ್ಲ ಮೊದಲೇ ಗೊತ್ತಿತ್ತು.

ಮೊದಲ ಪೀರಿಯಡ್ಡಿನಲ್ಲಿ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು, ಅವರು ಕಟ್ಟೆ ಕಟ್ಟಿದ್ದು ಮಾತ್ರವೋ, ನೀರು ಹಂಚುವುದನ್ನೂ ಮಾಡಿದ್ದರೋ ಎಂದು ಕೇಳಿದ. ಕಟ್ಟೆ ತುಂಬಿದೆ ಎಂದು ಟಿವಿಯಲ್ಲಿ ತೋರಿಸಿದ ವಾರವೂ ತಮ್ಮ ಗದ್ದೆಗೆ ನೀರು ಬಂದಿರಲಿಲ್ಲ ಎಂಬುದು ಅವನ ಲೆಕ್ಕ. ನಾನು ಉತ್ತರ ಕೊಡಲಿಲ್ಲ, ನಾಳೆ ಹೇಳುತ್ತೇನೆ ಎಂದೆ. ನನಗೆ ಮುಜುಗರವಾದದ್ದು ಉತ್ತರ ಗೊತ್ತಿಲ್ಲದ್ದಕ್ಕಲ್ಲ. ನಮ್ಮ ಮನೆಯ ಒಂದೂವರೆ ಎಕರೆಯೂ ಮದ್ದೂರು ತಾಲ್ಲೂಕಿನ ಕಡೆ ಒಂದು ಉಪನಾಲೆಯ ಕೊನೆಭಾಗದಲ್ಲಿದೆ. ಆ ಪ್ರಶ್ನೆಯನ್ನು ನಾನೇ ಚಿಕ್ಕಂದಿನಲ್ಲಿ ಕೇಳಬೇಕಾಗಿತ್ತು, ಕೇಳಿರಲಿಲ್ಲ.

ಹಾಗಾಗಿ ಅವರ ಬದುಕನ್ನು ಮತ್ತೆ ಓದಿದೆ. ನಾಲ್ಕು ಬಿಡುವಿನ ಪೀರಿಯಡ್ಡುಗಳಲ್ಲಿ ಮಕ್ಕಳಿಗೆ ಹೇಳಿದೆ. ಹೇಳಿದ್ದನ್ನೂ ಹೇಳುವಾಗ ತರಗತಿಯಲ್ಲಿ ಆದದ್ದನ್ನೂ ಇಲ್ಲಿ ಸೇರಿಸಿ ಬರೆದಿದ್ದೇನೆ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1861ರಲ್ಲಿ ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷಮ್ಮ. ಆ ಸೀಮೆಯ ಭೂಗೋಳವನ್ನು ನಾನು ಮೊದಲು ಬೋರ್ಡಿನ ಮೇಲೆ ಬಿಡಿಸಿದೆ. ನಂದಿಬೆಟ್ಟದ ಸುತ್ತಮುತ್ತ ಪಿನಾಕಿನಿ, ಪಾಲಾರ್, ಅರ್ಕಾವತಿ ಹುಟ್ಟುತ್ತವೆ. ಹುಟ್ಟುತ್ತವೆ ಅಷ್ಟೆ, ಅಲ್ಲಿ ನಿಲ್ಲುವುದಿಲ್ಲ. ಊರಿನವರು ಬದುಕುವುದು ಕೆರೆ ಮತ್ತು ಬಾವಿಯ ಮೇಲೆ. ಮಳೆ ಬಂದಾಗ ಕೆರೆ ತುಂಬುವುದು, ಬೇಸಿಗೆಯಲ್ಲಿ ನೆಲ ಬಿರಿಯುವುದು, ಕೆರೆ ನೀರನ್ನು ತೂಬಿನಿಂದ ಬಿಟ್ಟು ಪಾಳಿಯ ಮೇಲೆ ನೀರುಗಂಟಿ ಹಾಯಿಸುವುದು, ಇವೆಲ್ಲ ಹಳೇ ಮೈಸೂರಿನ ಬಯಲುಸೀಮೆಯ ಮಕ್ಕಳು ಕಣ್ಣೆದುರೇ ಕಂಡು ಬೆಳೆಯುತ್ತಿದ್ದ ಸಂಗತಿಗಳು. ನೀರುಗಂಟಿ ಯಾರೆಂದು ಕೇಳಿದಾಗ ತರಗತಿಯಲ್ಲಿ ಮೂವರು ಕೈ ಎತ್ತಿದರು. ಒಬ್ಬಳ ಅಜ್ಜ ನೀರುಗಂಟಿಯಾಗಿದ್ದರಂತೆ.

ಅವರು ಬಾಲಕನಾಗಿದ್ದಾಗಲೇ ತಂದೆ ತೀರಿಕೊಂಡರು. ಮುಂದೆ ಬೆಂಗಳೂರಿನಲ್ಲಿ ಸೋದರಮಾವನ ಆಸರೆ, ಸೆಂಟ್ರಲ್ ಕಾಲೇಜು, ಖರ್ಚಿಗೆ ಮನೆಪಾಠ. ಪಾಠ ಹೇಳಿ ಓದಿದವರು ಎಂಬುದು ನಮ್ಮಂಥ ಪ್ರಶಿಕ್ಷಣಾರ್ಥಿಗಳಿಗೆ ಸ್ವಲ್ಪ ಹತ್ತಿರದ ವಿಷಯ. 1881ರಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಪುಣೆಗೆ ಹೋಗಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆ ಪಾಸು ಮಾಡಿದರು. ಮರುವರ್ಷ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆಗಿ ಸೇರಿದರು. ಆಗ ಅವರಿಗೆ ಇಪ್ಪತ್ಮೂರು, ನನಗಿಂತ ಒಂದೆರಡು ವರ್ಷ ಚಿಕ್ಕವರು. ನಾಸಿಕ್, ಖಾನ್‌ದೇಶ್, ಸಿಂಧ್ ಪ್ರಾಂತ್ಯದ ಸುಕ್ಕೂರ್, ಹೀಗೆ ಊರೂರು ಸುತ್ತಿ ಕೊನೆಗೆ ಪುಣೆಯ ನೀರಾವರಿಯ ಹೊಣೆಗೆ ಬಂದರು. ಅವರ ಬದುಕಿನ ಈ ಭಾಗವನ್ನು ನಮ್ಮ ಕಥೆಗಳು ಎರಡು ಸಾಲಿನಲ್ಲಿ ಮುಗಿಸುತ್ತವೆ. ನನಗನಿಸುವಂತೆ ಮುಖ್ಯವಾದದ್ದು ಇಲ್ಲೇ ಇದೆ.

ಪುಣೆಗೆ ನೀರು ಕೊಡುತ್ತಿದ್ದದ್ದು ಮುಠಾ ನದಿಗೆ ಕಟ್ಟಿದ ಖಡಕ್‌ವಾಸ್ಲಾ ಜಲಾಶಯ. ಮಳೆಗಾಲದಲ್ಲಿ ತುಂಬಿ, ಹೆಚ್ಚಾದ ನೀರು ಕೋಡಿಯ ಮೇಲೆ ಹರಿದು ಹೋಗುತ್ತಿತ್ತು. ಬೇಸಿಗೆಯಲ್ಲಿ ಅದೇ ನೀರಿಗೆ ಪರದಾಟ. ಕಟ್ಟೆಯನ್ನು ಎತ್ತರಿಸಬಹುದು, ಆದರೆ ಹಳೆಯ ಕಟ್ಟೆ ಹೆಚ್ಚಿನ ಒತ್ತಡ ತಡೆದೀತೇ? ಖರ್ಚೂ ದೊಡ್ಡದು. ವಿಶ್ವೇಶ್ವರಯ್ಯನವರು ಕಟ್ಟೆಯ ತಂಟೆಗೆ ಹೋಗಲಿಲ್ಲ. ಕೋಡಿಯ ಮೇಲೆ ಗೇಟುಗಳನ್ನು ಕೂರಿಸಿದರು. ನೀರು ಒಂದು ಮಟ್ಟದವರೆಗೆ ಬರುವ ತನಕ ಅವು ಮುಚ್ಚಿಯೇ ಇರುತ್ತವೆ. ಆ ಮಟ್ಟ ದಾಟಿದರೆ ಯಾರ ಕೈಯೂ ತಾಕದೆ ನೀರಿನ ಬಲದಿಂದಲೇ ತೆರೆದುಕೊಳ್ಳುತ್ತವೆ, ಪ್ರವಾಹ ಇಳಿದರೆ ತಾವೇ ಮುಚ್ಚಿಕೊಳ್ಳುತ್ತವೆ. ತೂಕ ಮತ್ತು ನೀರಿನ ಬಲ ಒಂದನ್ನೊಂದು ಸರಿದೂಗಿಸುವ ಲೆಕ್ಕ ಅದು. ಇದರಿಂದ ಹಳೆಯ ಕಟ್ಟೆಯಲ್ಲೇ ಸುಮಾರು 8 ಅಡಿ ಹೆಚ್ಚಿಗೆ ನೀರು ನಿಂತಿತು. 1903ರ ಹೊತ್ತಿಗೆ ಆ ಗೇಟುಗಳು ಕೆಲಸಕ್ಕೆ ಬಂದವು, ಅದಕ್ಕೆ ಪೇಟೆಂಟೂ ಸಿಕ್ಕಿತು.

ಇಲ್ಲಿ ನನ್ನ ಘಟಕಕ್ಕೆ ದಾರಿ ಸಿಕ್ಕಿತು. ಪ್ಲಾಸ್ಟಿಕ್ ಬಾಟಲಿಗೆ ಮೂರು ಎತ್ತರದಲ್ಲಿ ಮೂರು ತೂತು ಮಾಡಿ, ಟೇಪು ಹಚ್ಚಿ, ನೀರು ತುಂಬಿ, ಟೇಪು ಕಿತ್ತೆ. ಕೆಳಗಿನ ತೂತಿನ ನೀರು ದೂರ ಚಿಮ್ಮಿತು. ಆಳ ಹೆಚ್ಚಿದಷ್ಟೂ ಒತ್ತಡ ಹೆಚ್ಚು, ಕಟ್ಟೆಯ ಬುಡ ದಪ್ಪಗಿರುವುದು ಅದಕ್ಕೇ ಎಂದು ಮಕ್ಕಳೇ ಹೇಳಿದರು. ನೀರಿನ ಮಟ್ಟ ಮೇಲಿನ ತೂತಿಗಿಂತ ಕೆಳಗಿಳಿದಾಗ ಅದು ನಿಂತುಹೋಯಿತು, ಬಾಟಲಿಯಲ್ಲಿ ನೀರು ಇನ್ನೂ ಇದ್ದರೂ. ಕಟ್ಟೆಯಲ್ಲಿ ನೀರಿದ್ದೂ ನಾಲೆಗೆ ಬರದ ದಿನಗಳಿಗೆ ಇದೂ ಒಂದು ಕಾರಣ ಎಂದು ಹೇಳಿದೆ. ಹಿಂದಿನ ಬೆಂಚಿನ ಹುಡುಗ ತಲೆಯಾಡಿಸಿದ, ಒಪ್ಪಿದಂತೆ ಕಾಣಲಿಲ್ಲ. ಅವನು ಕೇಳಿದ್ದು ಕಟ್ಟೆ ತುಂಬಿದ ವಾರದ ಬಗ್ಗೆ.

ಅದರ ಉತ್ತರ ನೀರಾ ನಾಲೆಯಲ್ಲಿತ್ತು. ಪುಣೆ ಜಿಲ್ಲೆಯಲ್ಲಿ ನೀರಾ ನದಿಯಿಂದ ಬಾರಾಮತಿಯ ಕಡೆಗೆ ಹರಿಯುವ ನಾಲೆ ಅದು. ನಾಲೆ ಬಂದ ಮೇಲೆ ತಲೆಯ ಕಡೆಯ ರೈತರು ಕಬ್ಬಿಗೆ ಇಳಿದರು. ಕಬ್ಬು ವರ್ಷವಿಡೀ ನೀರು ಕುಡಿಯುವ ಬೆಳೆ. ನೀರು ಸಿಕ್ಕವರು ಬೇಕಾದಷ್ಟಕ್ಕಿಂತ ಹೆಚ್ಚೇ ಹಾಯಿಸಿದರು, ಭೂಮಿ ಜೌಗು ಹಿಡಿಯಿತು, ಸೊಳ್ಳೆ ಹೆಚ್ಚಿ ಮಲೇರಿಯಾ ಬಂತು. ಕೆಳಗಿನ ಊರುಗಳಲ್ಲಿ ಜೋಳವೂ ಒಣಗಿತು. ಒಂದೇ ನಾಲೆ, ಮೇಲೆ ಅತಿಯಾಗಿ ಕೆಟ್ಟಿತು, ಕೆಳಗೆ ಇಲ್ಲದೆ ಕೆಟ್ಟಿತು.

ಇಂಥ ಕಡೆ ಇನ್ನೊಂದು ಕಟ್ಟೆ ಕಟ್ಟೋಣ ಎಂದು ಹೇಳುವುದು ಸುಲಭ. ಅವರು ಹಾಗೆ ಮಾಡದೆ, ಇರುವ ನೀರನ್ನು ಕೊಡುವ ಕ್ರಮವನ್ನೇ ಬದಲಿಸಿದರು. ಅದಕ್ಕೆ ಬ್ಲಾಕ್ ಪದ್ಧತಿ ಎಂದು ಹೆಸರು. ಅಲ್ಲೊಂದು ಇಲ್ಲೊಂದು ಗದ್ದೆಗೆ ಕೇಳಿದವರಿಗೆಲ್ಲ ನೀರು ಕೊಡುವ ಬದಲು, ಪ್ರತಿ ಊರಿನಲ್ಲೂ ಮಣ್ಣು ಯೋಗ್ಯವಾಗಿ ನೀರು ಬಸಿದುಹೋಗುವಂಥ ಜಾಗ ನೋಡಿ, ಒಟ್ಟಾಗಿ ಹೊಂದಿಕೊಂಡ ಜಮೀನನ್ನು ಒಂದು ಬ್ಲಾಕ್ ಎಂದು ಗುರುತಿಸುವುದು. ಆ ಬ್ಲಾಕಿನಲ್ಲಿ ಒಂದು ವರ್ಷಕ್ಕೆ ಸುಮಾರು ಮೂರನೇ ಒಂದು ಭಾಗಕ್ಕೆ ಮಾತ್ರ ಕಬ್ಬು, ಉಳಿದದ್ದರಲ್ಲಿ ಕಡಿಮೆ ನೀರಿನ ಬೆಳೆಗಳು. ಮರುವರ್ಷ ಕಬ್ಬಿನ ಜಾಗ ಬದಲು. ಹೀಗೆ ಮೂರು ವರ್ಷಕ್ಕೊಂದು ಸುತ್ತು. ನೀರು ಸರದಿಯ ಮೇಲೆ, ಅಳತೆಯ ಮೇಲೆ. ಮಣ್ಣಿಗೂ ವಿಶ್ರಾಂತಿ, ನೀರೂ ಹೆಚ್ಚು ಊರುಗಳಿಗೆ ಹರಡುತ್ತದೆ.

ತಲೆಯ ಕಡೆಯವರು ಸಿಟ್ಟಾದರು. ಅವರಿಗೆ ಇದು ನಷ್ಟವೇ. ನಿನ್ನೆಯವರೆಗೆ ಕೇಳುವವರಿಲ್ಲದೆ ತೆಗೆದುಕೊಂಡ ನೀರಿಗೆ ಇಂದು ಮಿತಿ ಬಂತು. ವಿಶ್ವೇಶ್ವರಯ್ಯನವರು ರೈತರನ್ನು ಕಂಡು ಮಾತಾಡಿದರು, ವಿವರಿಸಿದರು, ಕ್ರಮೇಣ ಪದ್ಧತಿ ನೆಲೆಯಾಯಿತು. ಗೇಟಿಗೆ ತೂಕದ ಲೆಕ್ಕ ಸಾಕು. ಇದಕ್ಕೆ ಮನುಷ್ಯರ ಒಪ್ಪಿಗೆ ಬೇಕು, ಒಪ್ಪದವರ ಮೇಲೆ ಕಾವಲೂ ಬೇಕು. ಇವೆರಡರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಎರಡನೆಯದು. ಆದರೆ ಪ್ರತಿಮೆ ಕಟ್ಟುವಾಗ ಹಿನ್ನೆಲೆಗೆ ಕಟ್ಟೆಯನ್ನೇ ಇಡುತ್ತಾರೆ.

ಇದನ್ನು ಬಾಯಲ್ಲಿ ಹೇಳಿದಾಗ ತರಗತಿ ಸುಮ್ಮನಿತ್ತು. ಮರುದಿನ ಬಿಸಿಯೂಟದ ಕೋಣೆಯಿಂದ ಒಂದು ದೊಡ್ಡ ಚೊಂಬು, ಐದು ಲೋಟ ತಂದೆ. ಒಂದು ಸಾಲಿನ ಐದು ಬೆಂಚಿಗೆ ಒಂದೊಂದು ಲೋಟ. ಚೊಂಬಿನಲ್ಲಿದ್ದದ್ದು ಐದು ಅರ್ಧ ಲೋಟಕ್ಕೆ ಸರಿಯಾಗುವಷ್ಟು ನೀರು. ಏನೂ ನಿಯಮ ಹೇಳದೆ ಮುಂದಿನ ಬೆಂಚಿಗೆ ಚೊಂಬು ಕೊಟ್ಟೆ. ಮೊದಲ ಎರಡು ಬೆಂಚು ಲೋಟ ತುಂಬಿಸಿಕೊಂಡವು, ಮೂರನೆಯದಕ್ಕೆ ಅರ್ಧ ಸಿಕ್ಕಿತು, ಹಿಂದಿನ ಎರಡಕ್ಕೆ ಖಾಲಿ ಚೊಂಬು. ಯಾರೂ ಕೆಟ್ಟವರಲ್ಲ, ಕೈಗೆ ಬಂತು, ಹಾಕಿಕೊಂಡರು. ನಿಯಮ ಮಾಡಿ ಎಂದೆ. ಹಿಂದಿನವರು ಚೊಂಬು ಹಿಂದಿನಿಂದ ಬರಲಿ ಎಂದರು, ಮುಂದಿನವರು ಗಲಾಟೆ ಎಬ್ಬಿಸಿದರು. ಕೊನೆಗೆ ಲೋಟದ ಅರ್ಧಕ್ಕೆ ಚಾಕ್‌ಪೀಸಿನಲ್ಲಿ ಗೆರೆ ಎಳೆಯುವುದು, ಚೊಂಬನ್ನು ಬೆಂಚಿನವರ ಕೈಗೆ ಕೊಡದೆ ಒಬ್ಬಳು ಹಿಡಿದುಕೊಂಡು ಹೋಗುವುದು ಎಂದಾಯಿತು. ಚೊಂಬು ಹಿಡಿದದ್ದು ಆ ನೀರುಗಂಟಿಯ ಮೊಮ್ಮಗಳೇ. ಆದರೂ ನಾಲ್ಕನೇ ಬೆಂಚಿನ ಹತ್ತಿರ ಒಂದಿಷ್ಟು ನೀರು ಚೆಲ್ಲಿ, ಕೊನೆಯ ಲೋಟ ಗೆರೆ ಮುಟ್ಟಲಿಲ್ಲ. ನಾಲೆಯಲ್ಲೂ ಇಂಗಿ, ಆವಿಯಾಗಿ, ಸೋರಿ ಕಡಿಮೆಯಾಗುವುದು ಕೊನೆಯವರ ಪಾಲಿನಿಂದಲೇ ಎಂದು ಹೇಳಲು ನನಗೆ ಬೇರೆ ಉದಾಹರಣೆ ಬೇಕಾಗಲಿಲ್ಲ. ವೀಕ್ಷಣೆಗೆ ಬಂದಿದ್ದ ನಮ್ಮ ಉಪನ್ಯಾಸಕರು, ಪಾಠ ಹತ್ತು ನಿಮಿಷ ಮೀರಿತೆಂದೂ ನೆಲ ಒದ್ದೆಯಾಯಿತೆಂದೂ ದಾಖಲೆ ಪುಸ್ತಕದಲ್ಲಿ ಬರೆದರು. ಎರಡೂ ನಿಜ.

ಮತ್ತೆ ಅವರ ಬದುಕಿಗೆ. 1908ರಲ್ಲಿ ಮುಂಬಯಿ ಸೇವೆ ಬಿಟ್ಟರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ನುಂಗಿತ್ತು. ಅಲ್ಲಿಗೆ ಸಲಹೆಗಾರರಾಗಿ ಹೋಗಿ, ಪ್ರವಾಹವನ್ನು ನಗರದ ಮೇಲ್ಭಾಗದಲ್ಲೇ ಜಲಾಶಯ ಕಟ್ಟಿ ತಡೆಯಬೇಕೆಂದು ಸೂಚಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಮುಂದೆ ಹಾಗೆ ಬಂದವು. 1909ರ ನವೆಂಬರಿನಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆದರು.

ಕನ್ನಂಬಾಡಿಯ ಕಥೆಯನ್ನು ನಾವು ರೈತರಿಗಾಗಿ ಕಟ್ಟಿದ ಕಟ್ಟೆ ಎಂದು ಹೇಳುತ್ತೇವೆ. ಅದು ಅರ್ಧ ನಿಜ. ಶಿವನಸಮುದ್ರದ ವಿದ್ಯುತ್ 1902ರಿಂದ ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಸಣ್ಣಗಾದಾಗ ಯಂತ್ರಗಳಿಗೆ ನೀರು ಸಾಲುತ್ತಿರಲಿಲ್ಲ. ಹೊಳೆಯ ನೀರನ್ನು ಮಳೆಗಾಲದಲ್ಲಿ ಹಿಡಿದಿಟ್ಟು ಬೇಸಿಗೆಯಲ್ಲಿ ಬಿಟ್ಟರೆ ವಿದ್ಯುತ್ತೂ ನಿಲ್ಲುವುದಿಲ್ಲ, ಗಣಿಯವರ ಹಣವೂ ಬರುತ್ತದೆ, ಆಮೇಲೆ ನೀರಾವರಿಯೂ ಆಗುತ್ತದೆ. ಈ ಲೆಕ್ಕದಿಂದಲೇ ಅಷ್ಟು ದೊಡ್ಡ ಖರ್ಚಿಗೆ ಒಪ್ಪಿಗೆ ಸಿಕ್ಕಿದ್ದು. ನಾಲ್ವಡಿ ಕೃಷ್ಣರಾಜ ಒಡೆಯರು 1911ರ ಅಕ್ಟೋಬರಿನಲ್ಲಿ ಮೊದಲ ಹಂತಕ್ಕೆ ಮಂಜೂರಾತಿ ಕೊಟ್ಟರು, ಸುಮಾರು 81 ಲಕ್ಷ ರೂಪಾಯಿ. ಆ ವರ್ಷವೇ ಕೆಲಸ ಶುರುವಾಯಿತು.

ಕಾವೇರಿಗೆ ಹೇಮಾವತಿ, ಲಕ್ಷ್ಮಣತೀರ್ಥ ಸೇರುವ ಜಾಗ ಅದು. ಕಲ್ಲಿನ ಕಟ್ಟಡ, ಗಾರೆಗೆ ಸುಣ್ಣದ ಜೊತೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ. ಸಿಮೆಂಟ್ ಆಗ ಹಡಗಿನಲ್ಲಿ ಬರಬೇಕಿತ್ತು. ಗಣಿಗಳಿಗೆ ಮಾತು ಕೊಟ್ಟ ಗಡುವಿಗಾಗಿ 1915ರ ಹೊತ್ತಿಗೆ ಕಟ್ಟೆಯನ್ನು ಬೇಕಾದ ಎತ್ತರಕ್ಕೆ ತರಲು ರಾತ್ರಿ ದೀಪ ಹಚ್ಚಿ ಕೆಲಸ ಮಾಡಿಸಿದರು. ಆ ಸೀಮೆಯಲ್ಲಿ ಮಲೇರಿಯಾ ಇತ್ತು, ಹೊಳೆ ಏರಿ ಬರುತ್ತಿತ್ತು, ಕಲ್ಲು ಹೊತ್ತವರ ಹೆಸರು ನಮ್ಮ ಪಠ್ಯದಲ್ಲಿ ಎಲ್ಲೂ ಇಲ್ಲ. ಕನ್ನಂಬಾಡಿ ಎಂಬ ಊರು, ಅದರ ವೇಣುಗೋಪಾಲಸ್ವಾಮಿ ದೇವಸ್ಥಾನ ನೀರಿನಡಿ ಹೋದವು. ಕಟ್ಟೆಗೆ ಜನ ಈಗಲೂ ಮುಳುಗಿದ ಊರಿನ ಹೆಸರನ್ನೇ ಹೇಳುತ್ತಾರೆ.

ಕೆಳಗಿನ ಮದರಾಸು ಪ್ರಾಂತ್ಯ ತಕರಾರು ತೆಗೆಯಿತು. 1892ರ ಒಪ್ಪಂದದ ಪ್ರಕಾರ ಮೈಸೂರು ಹೊಸ ಕಟ್ಟೆಗೆ ಅವರ ಒಪ್ಪಿಗೆ ಪಡೆಯಬೇಕಿತ್ತು. ಮೊದಲಿಗೆ 80 ಅಡಿಯ ಕಟ್ಟೆಗೆ ಅನುಮತಿ. ಆದರೆ ವಿಶ್ವೇಶ್ವರಯ್ಯನವರು ಪಾಯವನ್ನು ಮುಂದಿನ ಪೂರ್ಣ ಎತ್ತರಕ್ಕೆ ತಕ್ಕಷ್ಟು ಅಗಲವಾಗಿಯೇ ಹಾಕಿಸಿದರು. ಇದನ್ನು ದೂರದೃಷ್ಟಿ ಎಂದು ಹೊಗಳುವುದು ವಾಡಿಕೆ. ನನ್ನ ತರಗತಿಯ ಒಬ್ಬ ಹುಡುಗಿ, ಒಪ್ಪಿಗೆ ಸಿಗುವ ಮೊದಲೇ ಹಾಗೆ ಮಾಡಬಹುದಾ ಎಂದಳು. ಕೆಳಗಿನವರ ಕಣ್ಣಿನಿಂದ ನೋಡಿದರೆ ಮೈಸೂರು ತಲೆಯ ಕಡೆಯ ರೈತ. ನೀರಾ ನಾಲೆಯಲ್ಲಿ ಕೊನೆಯವರ ಪರ ನಿಂತವರು ಇಲ್ಲಿ ಮೇಲಿನವರ ಪರ ನಿಂತಿದ್ದರು. ಕೆಳಗಿನ ಮುಖಜಭೂಮಿಯಲ್ಲಿ ಬಹಳ ಹಿಂದಿನಿಂದ ನೀರಾವರಿ ಇತ್ತು, ಮೈಸೂರಿನಲ್ಲಿ ಹೊಳೆ ಹರಿದರೂ ಪಕ್ಕದ ಭೂಮಿ ಒಣಗಿತ್ತು, ಎರಡೂ ಕಡೆ ನ್ಯಾಯದ ಮಾತಿತ್ತು ಎಂದಷ್ಟೇ ನಾನು ಹೇಳಲು ಸಾಧ್ಯವಾಯಿತು. ಮಧ್ಯಸ್ಥಿಕೆ, ಮೇಲ್ಮನವಿ ಎಲ್ಲ ಮುಗಿದು 1924ರಲ್ಲಿ ಒಪ್ಪಂದವಾಯಿತು.

ಅಷ್ಟು ಹೊತ್ತಿಗೆ ಅವರು ಅಧಿಕಾರ ಬಿಟ್ಟು ಆರು ವರ್ಷವಾಗಿತ್ತು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಮೈಸೂರು ಬ್ಯಾಂಕು, ವಿಶ್ವವಿದ್ಯಾಲಯ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಚಾಲನೆ, ಆಯ್ದ ಕಡೆಗಳಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣ, ಪಟ್ಟಿ ಎಲ್ಲರಿಗೂ ಗೊತ್ತು. ಬಿಟ್ಟು ಹೋದ ಕಾರಣವನ್ನು ಮಾತ್ರ ಶಾಲೆಯಲ್ಲಿ ಹೇಳುವುದಿಲ್ಲ. ಸರ್ಕಾರಿ ಕೆಲಸಗಳು ಬಹುಪಾಲು ಬ್ರಾಹ್ಮಣರ ಕೈಯಲ್ಲಿದ್ದವು. ಹಿಂದುಳಿದ ಸಮುದಾಯಗಳಿಗೂ ಪಾಲು ಬೇಕೆಂಬ ಕೂಗು ಎದ್ದು, ಮಹಾರಾಜರು 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಶಿಕ್ಷಣ ಹರಡಬೇಕು, ಆದರೆ ನೇಮಕಾತಿಗೆ ಅರ್ಹತೆಯೇ ಅಳತೆಯಾಗಬೇಕು ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಆ ವರ್ಷದ ಕೊನೆಯಲ್ಲಿ ಅವರು ದಿವಾನಗಿರಿ ಬಿಟ್ಟರು. ಇದನ್ನು ಮಕ್ಕಳಿಗೆ ಹೇಳಬೇಕೋ ಬೇಡವೋ ಎಂದು ನಾನು ಎರಡು ದಿನ ಯೋಚಿಸಿದೆ. ತಲೆಯ ಕಡೆ ಇದ್ದವರು ತಾವಾಗಿ ಬಿಟ್ಟುಕೊಡುವುದಿಲ್ಲ, ಗೆರೆ ಎಳೆದು ಅಳೆದು ಕೊಡಬೇಕು ಎಂದು ನೀರಿನ ವಿಷಯದಲ್ಲಿ ಅಷ್ಟು ಸ್ಪಷ್ಟವಾಗಿ ಕಂಡವರಿಗೆ ಉದ್ಯೋಗದ ವಿಷಯದಲ್ಲಿ ಅದು ಹಾಗೆ ಕಾಣಲಿಲ್ಲ. ನಾನು ಅದನ್ನು ಹೇಳಿದೆ. ಅವರ ಮೇಲಿನ ನನ್ನ ಗೌರವ ಇದರಿಂದ ಕಡಿಮೆಯಾಗಿಲ್ಲ, ಆದರೆ ಮೊದಲಿದ್ದ ಹಾಗೂ ಇಲ್ಲ.

ಕಟ್ಟೆ ಪೂರ್ತಿಯಾದದ್ದು 1931ರ ಸುಮಾರಿಗೆ, ಬೇರೆ ಇಂಜಿನಿಯರುಗಳ ಕೈಯಲ್ಲಿ. ಮಂಡ್ಯದ ಕಡೆಗೆ ನಾಲೆ ಹರಿದದ್ದೂ ಆ ವರ್ಷಗಳಲ್ಲೇ. ವೈಸ್‌ರಾಯ್ ಹೆಸರಿನಲ್ಲಿ ಇರ್ವಿನ್ ನಾಲೆ ಎಂದಿದ್ದದ್ದು ಮುಂದೆ ವಿಶ್ವೇಶ್ವರಯ್ಯ ನಾಲೆಯಾಯಿತು, ನಮ್ಮ ಬಾಯಲ್ಲಿ ವಿ.ಸಿ. ನಾಲೆ. ಹುಲಿಕೆರೆಯ ಹತ್ತಿರ ಅದು ಎರಡೂವರೆ ಕಿಲೋಮೀಟರಿಗೂ ಉದ್ದದ ಸುರಂಗದಲ್ಲಿ ದಿಣ್ಣೆ ದಾಟುತ್ತದೆ. ಬ್ಲಾಕ್ ಪದ್ಧತಿಯನ್ನು ಈ ನಾಲೆಯ ಅಚ್ಚುಕಟ್ಟಿಗೂ ತಂದರು. ರಾಗಿ ಬೆಳೆಯುತ್ತಿದ್ದ ಸೀಮೆಯಲ್ಲಿ ಭತ್ತ, ಕಬ್ಬು ಬಂತು, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಜಿಲ್ಲೆಯೇ ಬೇರೆಯಾಯಿತು.

ಕೊನೆಯ ಪೀರಿಯಡ್ಡಿನಲ್ಲಿ ಲೆಕ್ಕ ಮಾಡಿಸಿದೆ. ಕಟ್ಟೆಯ ಪೂರ್ಣ ಮಟ್ಟ 124.80 ಅಡಿ, ಸಂಗ್ರಹ 49.45 ಟಿಎಂಸಿ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ದಿನಕ್ಕೆ 86,400 ಘನ ಅಡಿ. ಒಂದು ಎಕರೆಯಲ್ಲಿ ಒಂದು ಅಡಿ ನೀರು ನಿಲ್ಲಿಸಲು 43,560 ಘನ ಅಡಿ ಬೇಕು. ಅಂದರೆ ಒಂದು ಕ್ಯುಸೆಕ್ ನೀರು ಇಡೀ ದಿನ ಹರಿದರೆ ಎರಡು ಎಕರೆಗೆ ಹತ್ತಿರ ಹತ್ತಿರ ಒಂದು ಅಡಿ. ಮೇಲಿನ ಒಂದು ತೂಬಿನಲ್ಲಿ ರಾತ್ರಿ ಗೇಟು ಎತ್ತಿಟ್ಟರೆ ಬೆಳಗಾಗುವಷ್ಟರಲ್ಲಿ ಕೆಳಗೆ ಎಷ್ಟು ಎಕರೆಯ ಪಾಲು ತಪ್ಪುತ್ತದೆ ಎಂಬುದನ್ನು ಮಕ್ಕಳೇ ತೆಗೆದರು. ಈ ಲೆಕ್ಕ ಪಠ್ಯದಲ್ಲಿಲ್ಲ, ಆದರೆ ಗುಣಾಕಾರದಲ್ಲಿ ತಪ್ಪು ಮಾಡುವವರೂ ಅಂದು ತಪ್ಪು ಮಾಡಲಿಲ್ಲ.

ಆ ಭಾನುವಾರ ಊರಿಗೆ ಹೋದಾಗ ಅಪ್ಪನಿಗೆ ಇದೆಲ್ಲ ಹೇಳಿದೆ. ಆಗ ಕಟ್ಟು ಪದ್ಧತಿ ನಡೆಯುತ್ತಿತ್ತು, ಕೆಲವು ದಿನ ನಾಲೆಯಲ್ಲಿ ನೀರು, ಕೆಲವು ದಿನ ಬಂದ್. ಒಟ್ಲು ಹಾಕಿ ಇಪ್ಪತ್ತು ದಿನ ದಾಟಿತ್ತು, ನಾಟಿಗೆ ನೀರು ಬಂದಿರಲಿಲ್ಲ. ನಮ್ಮ ಸರದಿ ಬರುವ ಹೊತ್ತಿಗೆ ಮೇಲಿನವರು ತಮ್ಮ ಸರದಿ ಮುಗಿಸಿರುವುದಿಲ್ಲ ಎಂದು ಅಪ್ಪ ಹೇಳಿದರು. ಹಾಗೆಂದು ಮೇಲಿನವರನ್ನು ಬೈಯಲಿಲ್ಲ. ತಾವೂ ಮೇಲೆ ಇದ್ದಿದ್ದರೆ ರಾತ್ರಿ ಎದ್ದು ಹೋಗುತ್ತಿದ್ದೆವೇನೋ ಎಂದರು.

ವಿಶ್ವೇಶ್ವರಯ್ಯನವರ ಉಳಿದ ವರ್ಷಗಳನ್ನು ಬೇಗ ಹೇಳಿ ಮುಗಿಸಿದೆ. 1934ರಲ್ಲಿ ಯೋಜಿತ ಆರ್ಥಿಕತೆಯ ಬಗ್ಗೆ ಪುಸ್ತಕ ಬರೆದರು. ತೊಂಬತ್ತು ದಾಟಿದ ಮೇಲೂ ಬಿಹಾರದಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ನೋಡಲು ಹೋದರು. 1955ರಲ್ಲಿ ಭಾರತರತ್ನ. 1962ರ ಏಪ್ರಿಲಿನಲ್ಲಿ ತೀರಿಕೊಂಡರು. ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿ ಇದೆ.

ಘಟಕ ಪರೀಕ್ಷೆಯಲ್ಲಿ ಹಿಂದಿನ ಬೆಂಚಿನ ಹುಡುಗ ಒತ್ತಡದ ಪ್ರಶ್ನೆಗೆ ಬಾಟಲಿಯ ಚಿತ್ರ ಸರಿಯಾಗಿ ಬಿಡಿಸಿದ್ದ. ಅದರ ಪಕ್ಕದಲ್ಲಿ, ಯಾರೂ ಕೇಳದಿದ್ದರೂ, ಐದು ಲೋಟಗಳನ್ನೂ ಬರೆದಿದ್ದ. ನಾಲ್ಕರಲ್ಲಿ ಗೆರೆಯವರೆಗೆ ನೀರಿತ್ತು, ಐದನೆಯದರಲ್ಲಿ ಗೆರೆಗಿಂತ ಸ್ವಲ್ಪ ಕೆಳಗೆ. ಅದಕ್ಕೆ ಅಂಕ ಕೊಡಲು ಅವಕಾಶವಿರಲಿಲ್ಲ. ಸರಿ ಗುರುತು ಹಾಕಿ ಬಿಟ್ಟೆ.